ಕೀ ಕೊಡುವ ಮೊದಲು: ಯುವ ಸವಾರರು ಮತ್ತು ಹೆತ್ತವರು ತಿಳಿದಿರಬೇಕಾದ ಸಂಗತಿಗಳು

"ಇಲ್ಲೇ ಪೇಟೆಗೆ ಹೋಗಿ ಬರ್ತೇನೆ ಉಮ್ಮಾ, ಐದು ನಿಮಿಷ." ತಲಪಾಡಿಯಿಂದ ಕಾಸರಗೋಡಿನವರೆಗೆ, ಇತ್ತ ಉಳ್ಳಾಲ, ದೇರಳಕಟ್ಟೆ, ಬಿ.ಸಿ.ರೋಡ್‌ವರೆಗೆ ಹೆಚ್ಚಿನ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ಕೇಳುವ ಮಾತು ಇದು. ಹೆಲ್ಮೆಟ್ ಶೆಲ್ಫಿನ ಮೇಲೆಯೇ ಇರುತ್ತದೆ. ಕಾಲಿಗೆ ಚಪ್ಪಲಿ, ಕಿವಿಗೆ ಮೊಬೈಲ್. ನೂರಕ್ಕೆ ತೊಂಬತ್ತೊಂಬತ್ತು ಸಲ ಹುಡುಗ ಹೇಳಿದ ಹಾಗೆ ವಾಪಸ್ ಬರುತ್ತಾನೆ. ಹಾಗೆ ಬರುವುದರಿಂದಲೇ "ಎಂತದೂ ಆಗುದಿಲ್ಲ" ಎಂಬ ಧೈರ್ಯ ಅವನಿಗೂ ಮನೆಯವರಿಗೂ ಬಂದುಬಿಡುತ್ತದೆ. ಬಾರದೆ ಉಳಿಯುವ ಆ ಒಂದು ಸಲಕ್ಕೆ ಮಾತ್ರ ಪರಿಹಾರ ಇಲ್ಲ.

ಅಪಘಾತ ನಡೆಯುವುದು ರಸ್ತೆಯಲ್ಲಿ. ಆದರೆ ವಾಹನ ಯಾರು ಓಡಿಸಬೇಕು, ಎಷ್ಟು ಹೊತ್ತಿಗೆ ಹೊರಡಬೇಕು, ಎಷ್ಟು ಜನ ಕೂರಬೇಕು, ತಲೆಗೆ ಹೆಲ್ಮೆಟ್ ಇದೆಯೇ ಎಂಬ ತೀರ್ಮಾನ ಬಹುತೇಕ ಮನೆಯಂಗಳದಲ್ಲೇ ಆಗಿರುತ್ತದೆ. ಈ ಕಾರಣಕ್ಕೆ ಈ ಮಾಹಿತಿ ಯುವಕರಿಗೆ ಎಷ್ಟು ಬೇಕೋ ಅವರ ಹೆತ್ತವರಿಗೂ ಅಷ್ಟೇ ಬೇಕು.

ಲೆಕ್ಕ ಏನು ಹೇಳುತ್ತದೆ?

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಮಂದಿ ಸತ್ತಿದ್ದಾರೆ. ಸತ್ತವರಲ್ಲಿ ಸುಮಾರು ಮೂರನೇ ಎರಡು ಪಾಲು 18ರಿಂದ 45 ವರ್ಷದೊಳಗಿನವರು, ಅಂದರೆ ದುಡಿಯುವ ಪ್ರಾಯದವರು. ನೂರರಲ್ಲಿ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹತ್ತು ಸಾವುಗಳಲ್ಲಿ ಏಳಕ್ಕೆ ಅತಿವೇಗ ಕಾರಣ ಎಂದು ದಾಖಲಾಗಿದೆ. ಅದೇ ವರ್ಷ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದೆ ಕೂತವರು. "ಹಿಂದೆ ಕೂತವರಿಗೆ ಹೆಲ್ಮೆಟ್ ಯಾಕೆ?" ಎಂದು ಕೇಳುವವರಿಗೆ ಈ ಒಂದು ಅಂಕಿಯೇ ಉತ್ತರ.

ಜಗತ್ತಿನಲ್ಲಿ 5ರಿಂದ 29 ವರ್ಷದವರ ಸಾವಿಗೆ ರಸ್ತೆ ಅಪಘಾತವೇ ಮೊದಲ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಪ್ರಾಯದಲ್ಲಿ ಯಾವ ಕಾಯಿಲೆಯೂ ಇದರಷ್ಟು ಜೀವ ತೆಗೆಯುವುದಿಲ್ಲ.

ಊರಿನ ರಸ್ತೆಗಳ ಸ್ವಭಾವ

ಬೈಕ್ ಓಡಿಸಲು ಕಲಿತವನು ಊರಿನ ರಸ್ತೆಯನ್ನೂ ಕಲಿಯಬೇಕು. ತಲಪಾಡಿಯಿಂದ ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ದಾಟಿ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥದ ರಸ್ತೆಯಾಗಿ ಬದಲಾಗಿದೆ. ಮೊದಲು ಎದುರಿನ ಅಂಗಡಿಗೆ ನೇರ ರಸ್ತೆ ದಾಟಿದರೆ ಸಾಕಿತ್ತು. ಈಗ ಅಂಡರ್‌ಪಾಸ್ ಹುಡುಕಿ ಸುತ್ತು ಹಾಕಬೇಕು. ಆ ಸುತ್ತು ತಪ್ಪಿಸಲು ರಾಂಗ್ ಸೈಡಿನಲ್ಲಿ ನುಗ್ಗುವುದು ಹೊಸ ಚಾಳಿ. ಸರ್ವಿಸ್ ರಸ್ತೆ ಅಗಲ ಕಡಿಮೆ, ಬಸ್ಸು ಅಲ್ಲೇ ನಿಲ್ಲುತ್ತದೆ, ಅಂಗಡಿಯ ಮುಂದೆ ಕಾರು ಅಲ್ಲೇ ನಿಂತಿರುತ್ತದೆ. ಅಲ್ಲಿ ಎದುರಿನಿಂದ ಯಾವಾಗ ಬೇಕಾದರೂ ವಾಹನ ಬರಬಹುದು ಎಂದುಕೊಂಡೇ ಓಡಿಸಬೇಕು. ಸರ್ವಿಸ್ ರಸ್ತೆಯಿಂದ ಮುಖ್ಯ ರಸ್ತೆಗೆ ಸೇರುವ ಜಾಗದಲ್ಲಿ ಹಿಂದಿನಿಂದ ಬರುವ ಲಾರಿ, ಕಾರುಗಳ ವೇಗ ಹಳೆಯ ರಸ್ತೆಯ ವೇಗವಲ್ಲ. ಕನ್ನಡಿಯಲ್ಲಿ ನೋಡಿದ ಮೇಲೆ ಒಮ್ಮೆ ತಲೆ ತಿರುಗಿಸಿಯೂ ನೋಡುವುದು ಜಾಣತನ.

ಒಳನಾಡಿನ ರಸ್ತೆಗಳದ್ದು ಬೇರೆಯೇ ಕಥೆ. ಚೆರ್ಕಳ–ಬದಿಯಡ್ಕ–ಪೆರ್ಲ–ಅಡ್ಕಸ್ಥಳ ರಸ್ತೆಯಾಗಲಿ, ಉಪ್ಪಳ–ಬಾಯಾರು–ಕನ್ಯಾನ ರಸ್ತೆಯಾಗಲಿ ಗುಡ್ಡ ಹತ್ತಿ ಇಳಿದು ಸಾಗುತ್ತವೆ. ಕೆಂಪುಕಲ್ಲಿನ ಗುಡ್ಡ ಕಡಿದು ಮಾಡಿದ ತಿರುವುಗಳಲ್ಲಿ ಎದುರಿನ ವಾಹನ ಹತ್ತಿರ ಬಂದ ಮೇಲೆಯೇ ಕಾಣುವುದು. ಇಂಥ ತಿರುವಿನಲ್ಲಿ ಓವರ್‌ಟೇಕ್ ಮಾಡುವುದೆಂದರೆ ಕಣ್ಣು ಮುಚ್ಚಿ ರಸ್ತೆ ದಾಟಿದ ಹಾಗೆ. ತಿರುವಿಗೆ ಬರುವ ಮೊದಲೇ ವೇಗ ಇಳಿಸಬೇಕು. ತಿರುವಿನೊಳಗೆ ಬೈಕ್ ವಾಲಿರುವಾಗ ಗಟ್ಟಿ ಬ್ರೇಕ್ ಹಾಕಿದರೆ ಟಯರ್ ಜಾರುತ್ತದೆ.

ಮಳೆಗಾಲದ ಬಗ್ಗೆ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ ಅನ್ನಿಸಬಹುದು. ಆದರೂ ಹೆಚ್ಚಿನವರು ಮರೆಯುವ ಕೆಲವು ವಿಷಯಗಳಿವೆ. ಜೋರು ಮಳೆಗಿಂತಲೂ ಮೊದಲ ಮಳೆಯ ಮೊದಲ ಕೆಲವು ನಿಮಿಷ ಹೆಚ್ಚು ಅಪಾಯ, ಯಾಕೆಂದರೆ ತಿಂಗಳುಗಟ್ಟಲೆ ರಸ್ತೆಗೆ ಅಂಟಿದ ಎಣ್ಣೆ ಮತ್ತು ಧೂಳು ಆಗ ನೀರಿನೊಂದಿಗೆ ಸೇರಿ ಸಾಬೂನಿನಂತಾಗುತ್ತದೆ. ಮೀನು ಲಾರಿಯಿಂದ ಸೋರಿದ ನೀರು ಬೇಸಿಗೆಯಲ್ಲೂ ಬೈಕ್ ಜಾರಿಸುತ್ತದೆ. ಅಂಥ ಲಾರಿಯ ಬೆನ್ನಿಗೆ ಅಂಟಿಕೊಂಡು ಹೋಗಬಾರದು. ರಸ್ತೆಯ ಬಿಳಿ ಪಟ್ಟಿ, ಸೇತುವೆಯ ಕಬ್ಬಿಣದ ಜೋಡಣೆ, ಗುಡ್ಡದಿಂದ ಇಳಿದು ಬಂದ ಕೆಂಪು ಮಣ್ಣು, ಇವುಗಳ ಮೇಲೆ ಹೋಗುವಾಗ ಬ್ರೇಕ್ ಹಾಕದೆ, ಹ್ಯಾಂಡಲ್ ತಿರುಗಿಸದೆ ನೇರವಾಗಿ ದಾಟಬೇಕು. ನೀರು ನಿಂತ ಜಾಗದಲ್ಲಿ ಗುಂಡಿ ಇದೆ ಎಂದೇ ಭಾವಿಸಬೇಕು.

ಐದು ನಿಮಿಷ ಉಳಿಸುವ ವೇಗ

20 ಕಿ.ಮೀ. ದೂರವನ್ನು ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ 20 ನಿಮಿಷ ಬೇಕು. 80ರಲ್ಲಿ ಹೋದರೆ 15 ನಿಮಿಷ. ಉಳಿಯುವುದು ಐದು ನಿಮಿಷ. ಆ ಐದು ನಿಮಿಷಕ್ಕೆ ಏನು ಬೆಲೆ ಕೊಡಬೇಕಾಗುತ್ತದೆ?

ಎದುರಿಗೆ ಮಗುವೊಂದು ಓಡಿ ಬಂತು ಎಂದಿಟ್ಟುಕೊಳ್ಳಿ. ಕಣ್ಣು ಕಂಡು, ಮೆದುಳಿಗೆ ತಿಳಿದು, ಕೈಕಾಲು ಬ್ರೇಕ್ ಒತ್ತಲು ಸುಮಾರು ಒಂದೂವರೆ ಸೆಕೆಂಡ್ ಬೇಕು. ಅಷ್ಟು ಹೊತ್ತು ವಾಹನ ಅದೇ ವೇಗದಲ್ಲಿ ಮುಂದೆ ಹೋಗುತ್ತಿರುತ್ತದೆ. ಒಣಗಿದ ಒಳ್ಳೆಯ ರಸ್ತೆ, ಒಳ್ಳೆಯ ಬ್ರೇಕ್ ಇದ್ದರೆ ಲೆಕ್ಕ ಹೆಚ್ಚುಕಡಿಮೆ ಹೀಗೆ:

• 40 ಕಿ.ಮೀ. ವೇಗದಲ್ಲಿ: ಬ್ರೇಕ್ ಒತ್ತುವ ಮೊದಲು 17 ಮೀಟರ್, ನಿಲ್ಲಲು 9 ಮೀಟರ್. ಒಟ್ಟು 26 ಮೀಟರ್.
• 60 ಕಿ.ಮೀ. ವೇಗದಲ್ಲಿ: 25 ಮೀಟರ್, ನಂತರ 20 ಮೀಟರ್. ಒಟ್ಟು 45 ಮೀಟರ್.
• 80 ಕಿ.ಮೀ. ವೇಗದಲ್ಲಿ: 33 ಮೀಟರ್, ನಂತರ 35 ಮೀಟರ್. ಒಟ್ಟು 68 ಮೀಟರ್.

ಅಂದರೆ ವೇಗ 40ರಿಂದ 80ಕ್ಕೆ, ಎರಡು ಪಟ್ಟು ಆದಾಗ ಬ್ರೇಕ್ ಒತ್ತಿದ ಮೇಲೆ ನಿಲ್ಲುವ ದೂರ ನಾಲ್ಕು ಪಟ್ಟು ಆಗುತ್ತದೆ. ಒದ್ದೆ ರಸ್ತೆಯಲ್ಲಿ, ಸವೆದ ಟಯರಿನಲ್ಲಿ ಇದು ಇನ್ನೂ ಹೆಚ್ಚು. ಎಷ್ಟೇ ಒಳ್ಳೆಯ ಸವಾರನಾಗಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಗಂಟೆಗೆ 50 ಕಿ.ಮೀ. ವೇಗದ ಕಾರಿಗಿಂತ 65 ಕಿ.ಮೀ. ವೇಗದ ಕಾರು ಬಡಿದರೆ ನಡೆದು ಹೋಗುವವರು ಸಾಯುವ ಸಾಧ್ಯತೆ ನಾಲ್ಕೂವರೆ ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳಿಗ್ಗೆ ಮದ್ರಸಕ್ಕೆ, ಶಾಲೆಗೆ ಮಕ್ಕಳು ರಸ್ತೆ ಬದಿಯಲ್ಲೇ ಸಾಲಾಗಿ ನಡೆಯುವ ಊರಿನಲ್ಲಿ ಈ ಮಾತು ನೆನಪಿರಬೇಕು.

ಮುಂದಿನ ವಾಹನದಿಂದ ಎಷ್ಟು ದೂರ ಇರಬೇಕು ಎಂಬುದಕ್ಕೆ ಸುಲಭ ಉಪಾಯ ಇದೆ. ಮುಂದಿನ ವಾಹನ ಒಂದು ಕಂಬ ದಾಟಿದ ಕೂಡಲೇ ಒಂದರಿಂದ ಎಣಿಸಲು ಶುರು ಮಾಡಬೇಕು. ಅದೇ ಕಂಬಕ್ಕೆ ತಾನು ತಲುಪುವಾಗ ಮೂರು ಸೆಕೆಂಡ್ ಆಗಿರಬೇಕು, ಮಳೆಯಲ್ಲಿ ಇನ್ನೂ ಹೆಚ್ಚು.

ಹೆಲ್ಮೆಟ್: ದಂಡಕ್ಕಲ್ಲ, ತಲೆಗೆ

ಸರಿಯಾಗಿ ಧರಿಸಿದ ಒಳ್ಳೆಯ ಹೆಲ್ಮೆಟ್ ಮೆದುಳಿನ ಗಾಯವನ್ನು ಶೇ. 74ರವರೆಗೆ ತಗ್ಗಿಸುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಲ್ಲಿ "ಸರಿಯಾಗಿ" ಎಂಬ ಪದವೇ ಮುಖ್ಯ. ಸ್ಟ್ರ್ಯಾಪ್ ಹಾಕದ ಹೆಲ್ಮೆಟ್ ಬೀಳುವಾಗ ತಲೆಗಿಂತ ಮೊದಲೇ ಹಾರಿ ಹೋಗುತ್ತದೆ. ಕೈಗೆ ಸಿಕ್ಕಿಸಿಕೊಂಡ ಹೆಲ್ಮೆಟ್ ಮೊಣಕೈಯನ್ನು ಮಾತ್ರ ಕಾಪಾಡುತ್ತದೆ. ರಸ್ತೆ ಬದಿಯಲ್ಲಿ ಸಿಗುವ ಅರ್ಧ ಟೋಪಿಯಂಥ ಹೆಲ್ಮೆಟ್ ಕ್ಯಾಮರಾಕ್ಕೆ ಮೋಸ ಮಾಡಬಹುದು, ಕಾಂಕ್ರೀಟಿಗೆ ಮೋಸ ಮಾಡಲು ಆಗುವುದಿಲ್ಲ.

ಕೊಳ್ಳುವಾಗ ಐಎಸ್‌ಐ ಗುರುತು ಮತ್ತು ಐಎಸ್ 4151 ಎಂಬ ಸಂಖ್ಯೆ ನೋಡಬೇಕು. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಜಾರಬಾರದು. ಒಮ್ಮೆ ಜೋರಾಗಿ ಪೆಟ್ಟು ಬಿದ್ದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಅದರ ಒಳಗಿನ ಪದರ ತನ್ನ ಕೆಲಸ ಮುಗಿಸಿರುತ್ತದೆ, ಬದಲಿಸಬೇಕು.

ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಪ್ರಕಾರ 4 ವರ್ಷ ದಾಟಿದ ಎಲ್ಲರಿಗೂ, ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. 4 ವರ್ಷದೊಳಗಿನ ಮಗುವನ್ನು ಕೂರಿಸಿಕೊಂಡರೆ ಸುರಕ್ಷಾ ಬೆಲ್ಟ್ ಕಟ್ಟಬೇಕು, ವೇಗ 40 ಕಿ.ಮೀ. ದಾಟಬಾರದು ಎಂಬ ನಿಯಮ 2023ರ ಫೆಬ್ರವರಿಯಿಂದ ಇದೆ. ಕೇರಳದ ರಸ್ತೆಗಳಲ್ಲಿ 2023ರ ಜೂನ್‌ನಿಂದ ಎಐ ಕ್ಯಾಮರಾಗಳು ಹೆಲ್ಮೆಟ್ ಇಲ್ಲದವರಿಗೆ, ಮೂವರು ಕೂತವರಿಗೆ ನೋಟಿಸ್ ಕಳಿಸುತ್ತಿವೆ. ಆದರೆ ಕ್ಯಾಮರಾ ಇರುವ ಜಾಗಕ್ಕೆ ಬಂದಾಗ ಮಾತ್ರ ಹೆಲ್ಮೆಟ್ ಹಾಕಿ, ದಾಟಿದ ಕೂಡಲೇ ತೆಗೆಯುವವರು ಉಳಿಸುವುದು ಕಾಸು ಮಾತ್ರ.

ಹಿಂದೆ ಕೂರುವ ಮಹಿಳೆಯರ ಬುರ್ಖಾ, ಶಾಲು ಚಕ್ರಕ್ಕೆ ಸಿಕ್ಕಿ ಬೀಳುವುದು ಇನ್ನೊಂದು ಅಪಾಯ. ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ಗಾರ್ಡ್, ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್ ಇರಬೇಕೆಂದು ನಿಯಮವೇ ಹೇಳುತ್ತದೆ. ಅಂದಕ್ಕಾಗಿ ಗಾರ್ಡ್ ಕಿತ್ತು ಹಾಕಿದ ಬೈಕಿನಲ್ಲಿ ತಾಯಿಯನ್ನೋ ತಂಗಿಯನ್ನೋ ಕೂರಿಸಬಾರದು. ಕನ್ನಡಿ ಕಿತ್ತ ಬೈಕಿಗೂ ಇದೇ ಮಾತು.

ಮೊಬೈಲ್, ನಿದ್ದೆ ಮತ್ತು ಗೆಳೆಯರು

60 ಕಿ.ಮೀ. ವೇಗದಲ್ಲಿ ಐದು ಸೆಕೆಂಡ್ ಮೊಬೈಲ್ ನೋಡಿದರೆ ವಾಹನ 83 ಮೀಟರ್ ದೂರವನ್ನು ಚಾಲಕ ಇಲ್ಲದೆಯೇ ದಾಟಿದ ಹಾಗೆ. ಹೆಲ್ಮೆಟಿನೊಳಗೆ ಫೋನ್ ಸಿಕ್ಕಿಸಿ ಮಾತಾಡುವುದು, ರೀಲ್ಸ್‌ಗಾಗಿ ಒಂದು ಕೈಯಲ್ಲಿ ವೀಡಿಯೊ ಮಾಡುವುದು ಎರಡೂ ಒಂದೇ. ಮನೆಯವರಿಗೂ ಇಲ್ಲೊಂದು ಪಾತ್ರ ಇದೆ: ಮಗ ಬೈಕಿನಲ್ಲಿದ್ದಾನೆ ಎಂದು ಗೊತ್ತಿದ್ದೂ "ಎಲ್ಲಿಗೆ ತಲುಪಿದೆ?" ಎಂದು ಮತ್ತೆ ಮತ್ತೆ ಕರೆ ಮಾಡಬಾರದು.

ನಿದ್ದೆ ಅಮಲಿಗಿಂತ ಕಡಿಮೆಯದಲ್ಲ. ರಂಝಾನಿನಲ್ಲಿ ತರಾವೀಹ್ ಮುಗಿದ ಮೇಲೆ ಶುರುವಾಗಿ ಸಹರಿವರೆಗೆ ನಡೆಯುವ ತಿರುಗಾಟ, ರಾತ್ರಿ ಫುಟ್ಬಾಲ್ ಪಂದ್ಯ ಮುಗಿಸಿ ಬೆಳಗಿನ ಜಾವ ವಾಪಸಾಗುವುದು, ಇಫ್ತಾರ್‌ಗೆ ಮನೆ ತಲುಪಬೇಕೆಂದು ಸಂಜೆ ಗಡಿಬಿಡಿಯಲ್ಲಿ ಓಡಿಸುವುದು, ಇವೆಲ್ಲ ದೇಹ ದಣಿದಿರುವ ಹೊತ್ತು. ಕಣ್ಣು ಎಳೆಯುತ್ತಿದ್ದರೆ ಹಾಡು ಹಾಕುವುದರಿಂದ, ಕಿಟಕಿ ಇಳಿಸುವುದರಿಂದ ಪ್ರಯೋಜನ ಇಲ್ಲ. ವಾಹನ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಬೇಕು ಅಥವಾ ಬೇರೆಯವರಿಗೆ ಕೊಡಬೇಕು.

ಒಬ್ಬನೇ ಇದ್ದಾಗ ಮೆಲ್ಲ ಓಡಿಸುವ ಹುಡುಗ ಗೆಳೆಯರು ಹಿಂದೆ ಕೂತಾಗ ಬೇರೆಯೇ ಆಗುತ್ತಾನೆ. ಮದುವೆಯ ದಿನ ಮದುಮಗನ ಕಾರಿನ ಮುಂದೆ ಬೈಕ್ ಹಾರಿಸುವುದು, ಕಾರಿನ ಬಾಗಿಲ ಮೇಲೆ ಕೂತು ಹೋಗುವುದು ಇದಕ್ಕೆ ಉದಾಹರಣೆ. ಹಿಂದೆ ಕೂತವನಿಗೂ ಬಾಯಿ ಇದೆ. "ಮೆಲ್ಲ ಹೋಗು, ಇಲ್ಲದಿದ್ದರೆ ನನ್ನನ್ನು ಇಳಿಸು" ಎಂದು ಹೇಳುವವನೇ ನಿಜವಾದ ಗೆಳೆಯ. ಮದ್ಯ ಮಾತ್ರವಲ್ಲ, ಮಾದಕ ವಸ್ತು ಸೇವಿಸಿ ಓಡಿಸುವುದೂ 185ನೇ ಕಲಂನಡಿ ಅಪರಾಧ. ಮೊದಲ ಸಲಕ್ಕೇ 6 ತಿಂಗಳವರೆಗೆ ಜೈಲು ಅಥವಾ 10,000 ರೂ. ದಂಡ.

18 ತುಂಬದ ಮಗನಿಗೆ ಕೀ ಕೊಟ್ಟರೆ

ಗೇರ್ ಇರುವ ಬೈಕಿಗಾಗಲಿ, ಈಗ ಮನೆಮನೆಯಲ್ಲಿರುವ 100, 125 ಸಿಸಿ ಸ್ಕೂಟರಿಗಾಗಲಿ 18 ವರ್ಷ ತುಂಬಲೇಬೇಕು. 16 ವರ್ಷಕ್ಕೆ ಓಡಿಸಬಹುದು ಎಂದು ಹೇಳುವುದು 50 ಸಿಸಿ ಮೀರದ ವಾಹನಕ್ಕೆ ಮಾತ್ರ, ಅದಕ್ಕೂ ಲೈಸನ್ಸ್ ಬೇಕು. ಎಲೆಕ್ಟ್ರಿಕ್ ಸ್ಕೂಟರಿಗೆ ಲೈಸನ್ಸ್ ಬೇಡ ಎಂಬ ಮಾತೂ ಪೂರ್ತಿ ಸರಿಯಲ್ಲ. 250 ವಾಟ್ ಮೀರದ, ಗಂಟೆಗೆ 25 ಕಿ.ಮೀ. ದಾಟದ ಸ್ಕೂಟರಿಗೆ ಮಾತ್ರ ಆ ವಿನಾಯಿತಿ.

2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಂ ಪ್ರಕಾರ ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧ ನಡೆದರೆ ಹೆತ್ತವರು ಅಥವಾ ವಾಹನದ ಮಾಲಕರೇ ತಪ್ಪಿತಸ್ಥರು:

• 3 ವರ್ಷದವರೆಗೆ ಜೈಲು ಮತ್ತು 25,000 ರೂ. ದಂಡ.
• ವಾಹನದ ನೋಂದಣಿ 12 ತಿಂಗಳು ರದ್ದು.
• ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲರ್ನರ್ ಲೈಸನ್ಸ್ ಕೂಡ ಸಿಗುವುದಿಲ್ಲ.

ತನಗೆ ಗೊತ್ತಿಲ್ಲದೆ ನಡೆಯಿತು, ತಡೆಯಲು ಮಾಡಬೇಕಾದ್ದನ್ನೆಲ್ಲ ಮಾಡಿದ್ದೆ ಎಂದು ಸಾಬೀತುಪಡಿಸುವ ಹೊರೆ ಹೆತ್ತವರ ಮೇಲೆಯೇ ಇರುತ್ತದೆ. ತಂದೆ ಗಲ್ಫಿನಲ್ಲಿದ್ದು ಬೈಕ್ ತಾಯಿಯ ಅಥವಾ ಅಣ್ಣನ ಹೆಸರಿನಲ್ಲಿದ್ದರೆ ಕೋರ್ಟಿಗೆ ಅಲೆಯುವವರು ಅವರೇ. ಮನೆಯಲ್ಲಿ ಗಂಡಸರಿಲ್ಲ, ಸಾಮಾನು ತರಲು ಮಗನೇ ಹೋಗಬೇಕು ಎಂಬ ಕಷ್ಟ ನಿಜ. ಆದರೆ ಆ ಕಷ್ಟಕ್ಕೆ ಆಟೊ, ನೆರೆಯವರು, ಅಂಗಡಿಯಿಂದ ಮನೆಗೆ ತಲುಪಿಸುವ ವ್ಯವಸ್ಥೆ, ತಾಯಂದಿರೇ ಸ್ಕೂಟರ್ ಕಲಿಯುವುದು ಹೀಗೆ ದಾರಿಗಳಿವೆ.

ವಿಮೆ ಮತ್ತು ಪಾಸ್‌ಪೋರ್ಟ್

ಅಪಘಾತದ ಮರುದಿನ ಮನೆಯವರಿಗೆ ಎದುರಾಗುವ ಪ್ರಶ್ನೆ ದುಡ್ಡಿನದು. ಲೈಸನ್ಸ್ ಇಲ್ಲದವನು ಓಡಿಸಿ ಬೇರೆಯವರಿಗೆ ಗಾಯವಾದರೆ ಅಥವಾ ಸಾವಾದರೆ, ವಿಮಾ ಕಂಪೆನಿ ಪರಿಹಾರ ಕೊಟ್ಟು ಆ ಮೊತ್ತವನ್ನು ವಾಹನದ ಮಾಲಕರಿಂದ ವಸೂಲಿ ಮಾಡಲು ಕೋರ್ಟು ಅವಕಾಶ ಕೊಡಬಹುದು. ಅದು ಲಕ್ಷಗಳ ಲೆಕ್ಕ, ಮನೆ–ಜಾಗದವರೆಗೆ ಬರಬಹುದು. ಮಾಲಕ–ಚಾಲಕನಿಗೆ ಇರುವ 15 ಲಕ್ಷ ರೂ.ಯ ವೈಯಕ್ತಿಕ ಅಪಘಾತ ವಿಮೆ ಸಿಗಬೇಕಾದರೂ ಚಾಲ್ತಿಯಲ್ಲಿರುವ ಲೈಸನ್ಸ್ ಇರಬೇಕು. ಪಾಲಿಸಿ ಮಾಡಿಸುವಾಗ ಈ ಭಾಗ ಸೇರಿದೆಯೇ ಎಂದು ಕೇಳಿ ನೋಡಬೇಕು.

ಗಲ್ಫಿಗೆ ಹೋಗುವ ಕನಸಿರುವ ಯುವಕರು ಇನ್ನೊಂದು ವಿಷಯ ಗಮನಿಸಬೇಕು. ಅಜಾಗರೂಕತೆಯಿಂದ ಸಾವಿಗೆ ಕಾರಣವಾದರೆ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂನಡಿ 5 ವರ್ಷದವರೆಗೆ ಶಿಕ್ಷೆ ಇದೆ. ಕ್ರಿಮಿನಲ್ ಕೇಸು ಕೋರ್ಟಿನಲ್ಲಿ ಬಾಕಿ ಇದ್ದರೆ 1967ರ ಪಾಸ್‌ಪೋರ್ಟ್ ಕಾಯ್ದೆಯಂತೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಕೋರ್ಟಿನ ಅನುಮತಿಗಾಗಿ ಅಲೆಯಬೇಕಾಗುತ್ತದೆ. ಒಂದು ಸಂಜೆಯ ರೇಸು ವೀಸಾವನ್ನೂ ಕೆಲಸವನ್ನೂ ಕಳೆಯಬಹುದು.

ಗಲ್ಫಿನಿಂದ ರಜೆಗೆ ಬಂದವರು

ದುಬೈ, ದೋಹಾ, ರಿಯಾದ್‌ಗಳಲ್ಲಿ ವಾಹನ ರಸ್ತೆಯ ಬಲಬದಿಯಲ್ಲಿ ಹೋಗುತ್ತದೆ, ಊರಿನಲ್ಲಿ ಎಡಬದಿಯಲ್ಲಿ. ವರ್ಷಗಟ್ಟಲೆ ಅಲ್ಲಿ ಓಡಿಸಿದವರಿಗೆ ಊರಿಗೆ ಬಂದ ಮೊದಲ ದಿನಗಳಲ್ಲಿ, ಮುಖ್ಯವಾಗಿ ಖಾಲಿ ರಸ್ತೆಯಲ್ಲಿ ಮತ್ತು ತಿರುಗುವಾಗ, ಕೈ ಹಳೆಯ ರೂಢಿಗೆ ಎಳೆಯುತ್ತದೆ. ರಾತ್ರಿ ವಿಮಾನದಲ್ಲಿ ನಿದ್ದೆಗೆಟ್ಟು ಬಂದು ನಿಲ್ದಾಣದಿಂದ ಸ್ವತಃ ಕಾರು ಓಡಿಸಿ ಮನೆಗೆ ಹೋಗುವುದು ಬೇಡ. ಕರೆತರಲು ಹೋಗುವವರೂ ರಾತ್ರಿಯಿಡೀ ಎಚ್ಚರ ಇದ್ದವರಾಗಬಾರದು.

ಅಲ್ಲಿ ಸೀಟ್‌ಬೆಲ್ಟ್ ಹಾಕದೆ ಕಾರು ಚಾಲೂ ಮಾಡದವರು, ಯುಎಇಯಲ್ಲಿ 24 ಬ್ಲ್ಯಾಕ್ ಪಾಯಿಂಟ್ ಆದರೆ ಲೈಸನ್ಸ್ ಹೋಗುತ್ತದೆ ಎಂದು ಹೆದರಿ ಓಡಿಸುವವರು, ಊರಿಗೆ ಬಂದ ಕೂಡಲೇ "ಇಲ್ಲಿ ಯಾರು ಕೇಳ್ತಾರೆ" ಎನ್ನುವುದನ್ನು ಮಕ್ಕಳು ನೋಡುತ್ತಿರುತ್ತಾರೆ.

ಅಪಘಾತ ಕಣ್ಣೆದುರು ನಡೆದರೆ

• ಮೊದಲು ಹಿಂದಿನಿಂದ ಬರುವ ವಾಹನಗಳನ್ನು ನಿಧಾನ ಮಾಡಿಸಬೇಕು, ಇಲ್ಲದಿದ್ದರೆ ಎರಡನೇ ಅಪಘಾತ ಆಗುತ್ತದೆ.
• 112 ಅಥವಾ 108ಕ್ಕೆ ಕರೆ ಮಾಡಿ ಜಾಗದ ಗುರುತು ಸರಿಯಾಗಿ ಹೇಳಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033 ಕೂಡ ಇದೆ.
• ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕು.
• ಕುತ್ತಿಗೆ, ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ಬೆಂಕಿಯಂಥ ಅಪಾಯ ಇಲ್ಲದಿದ್ದರೆ ಕೈಕಾಲು ಹಿಡಿದು ಎತ್ತಿ ಆಟೊದಲ್ಲಿ ಮಡಚಿ ಕೂರಿಸಬಾರದು. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ಎಳೆದು ತೆಗೆಯಬಾರದು.
• ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.
• ವೀಡಿಯೊ ಮಾಡಿ ಗ್ರೂಪಿಗೆ ಹಾಕಬಾರದು. ತಾಯಿಗೆ ಮಗನ ಸುದ್ದಿ ವಾಟ್ಸ್‌ಆ್ಯಪಿನಿಂದ ತಿಳಿಯುವಂತಾಗಬಾರದು.

ಸಹಾಯ ಮಾಡಿದರೆ ಪೊಲೀಸ್ ಕೇಸಿಗೆ ಸಿಕ್ಕಿ ಬೀಳುತ್ತೇವೆ ಎಂಬ ಹೆದರಿಕೆ ಈಗ ಬೇಡ. ಕಾಯ್ದೆಯ 134ಎ ಕಲಂ ಸಹಾಯಕ್ಕೆ ಬಂದವರಿಗೆ ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಹೇಳಲೇಬೇಕು ಎಂದು ಅವರನ್ನು ಒತ್ತಾಯಿಸುವಂತಿಲ್ಲ. ಗಾಯಾಳುವನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ತಲುಪಿಸಿದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. 2025ರ ಮೇಯಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ 1.5 ಲಕ್ಷ ರೂ.ವರೆಗಿನ ನಗದುರಹಿತ ಚಿಕಿತ್ಸೆ ಇದೆ. ಕಾಸರಗೋಡಿನ ಗಂಭೀರ ಗಾಯಾಳುಗಳು ಹೆಚ್ಚಾಗಿ ಗಡಿ ದಾಟಿ ದೇರಳಕಟ್ಟೆ, ಮಂಗಳೂರಿಗೆ ಹೋಗುವವರಾದ್ದರಿಂದ, ಹತ್ತಿರದ ಯಾವ ಆಸ್ಪತ್ರೆ ಈ ಯೋಜನೆಯಲ್ಲಿದೆ ಎಂದು ಪ್ರತಿ ಊರಿನ ಕ್ಲಬ್ಬು, ಆಂಬುಲೆನ್ಸ್ ಚಾಲಕರು ಮೊದಲೇ ತಿಳಿದಿಟ್ಟುಕೊಳ್ಳುವುದು ಒಳ್ಳೆಯದು.

ಮನೆಯಲ್ಲಿ, ಮೊಹಲ್ಲಾದಲ್ಲಿ ಮಾಡಬಹುದಾದ ಕೆಲಸ

ಅಪಘಾತವಾದಾಗ ರಕ್ತ ಕೊಡಲು, ಆಸ್ಪತ್ರೆ ಬಿಲ್ಲಿಗೆ ದುಡ್ಡು ಒಟ್ಟು ಮಾಡಲು ಊರಿನ ಹುಡುಗರು ರಾತ್ರೋರಾತ್ರಿ ಓಡುತ್ತಾರೆ. ಅದೇ ಹುರುಪಿನ ಅರ್ಧದಷ್ಟು ಮೊದಲೇ ಬಂದರೆ ಸಾಕು. ಜಮಾಅತ್ ಕಮಿಟಿಗಳು ಮದುವೆ ಮೆರವಣಿಗೆಯಲ್ಲಿ ಬೈಕ್ ಸಾಹಸ ಬೇಡವೆಂದು ಎರಡೂ ಮನೆಯವರಿಗೆ ಮೊದಲೇ ಹೇಳಬಹುದು. ಜುಮಾ ದಿನ ರಸ್ತೆಯ ತಿರುವಿನಲ್ಲಿ ವಾಹನ ನಿಲ್ಲಿಸದಂತೆ ಇಬ್ಬರನ್ನು ನೇಮಿಸಬಹುದು. ಮಕ್ಕಳನ್ನು ಒಯ್ಯುವ ಆಟೊ, ವ್ಯಾನುಗಳಲ್ಲಿ ಎಷ್ಟು ಜನ ಕೂರುತ್ತಾರೆಂದು ಹೆತ್ತವರು ನೋಡಬಹುದು. ಕ್ಲಬ್ಬುಗಳು ಟೂರ್ನಮೆಂಟಿನ ಬಹುಮಾನವಾಗಿ ಒಳ್ಳೆಯ ಹೆಲ್ಮೆಟ್ ಕೊಡಬಹುದು.

ಮನೆಯಲ್ಲಿ ಕೀ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳು ಇಷ್ಟೇ:

1. ಲೈಸನ್ಸ್, ವಿಮೆ ಎರಡೂ ಚಾಲ್ತಿಯಲ್ಲಿವೆಯೇ?
2. ಹೆಲ್ಮೆಟ್ ತಲೆಯಲ್ಲಿದೆಯೇ, ಸ್ಟ್ರ್ಯಾಪ್ ಹಾಕಿದೆಯೇ? ಹಿಂದೆ ಕೂರುವವನಿಗೂ ಇದೆಯೇ?
3. ಬ್ರೇಕ್, ಲೈಟ್, ಕನ್ನಡಿ, ಟಯರ್ ಸರಿ ಇವೆಯೇ?
4. ನಿದ್ದೆ ಆಗಿದೆಯೇ? ಕೋಪದಲ್ಲಿ ಹೊರಟಿಲ್ಲವಷ್ಟೇ?
5. ಹೋಗಬೇಕಾದ್ದಕ್ಕಿಂತ ಹತ್ತು ನಿಮಿಷ ಮೊದಲೇ ಹೊರಡುತ್ತಿದ್ದಾನೆಯೇ?

ಒಂದಕ್ಕಾದರೂ "ಇಲ್ಲ" ಎಂಬ ಉತ್ತರ ಬಂದರೆ ಕೀ ಅಲ್ಲೇ ಮೊಳೆಯಲ್ಲಿ ನೇತಾಡುತ್ತಿರಲಿ. ಮಗ ಸ್ವಲ್ಪ ಹೊತ್ತು ಮುನಿಸಿಕೊಳ್ಳುತ್ತಾನೆ, ರಾತ್ರಿ ಊಟಕ್ಕೆ ಮನೆಯಲ್ಲೇ ಇರುತ್ತಾನೆ.